ಬನಶಂಕರಿ ತೇರಿಗೆ 24 ಹಾಳೆ

ಬಾದಾಮಿಯಿಂದ 5 ಕಿ.ಮೀ. ಆಚೆ, ಚೊಳಚಗುಡ್ಡದಲ್ಲಿ ಬನದ ಹುಣ್ಣಿಮೆಯ ಸಂಜೆ ಬನಶಂಕರಿಯ ತೇರು ಎಳೆಯುತ್ತಾರೆ. ತೇರು ಅಲುಗಿದ ಕೂಡಲೇ ಮೇಲೇಳುವ ಕೈಗಳಲ್ಲಿ ಅರ್ಧದಷ್ಟರಲ್ಲಿ ಉತ್ತತ್ತಿ, ಬಾಳೆಹಣ್ಣು ಇರುತ್ತವೆ. ಉಳಿದರ್ಧದಲ್ಲಿ ಫೋನು. ಅದೇ ಗದ್ದಲದೊಳಗೆ ಮೂವರ ತಂಡವೊಂದು ಮರದ ಕ್ಯಾಮೆರಾ, ಟ್ರೈಪಾಡ್, ಕರಿ ಬಟ್ಟೆ ಹೊತ್ತು ಬೆಳಗಿನಿಂದ ಕತ್ತಲಾಗುವವರೆಗೆ ಓಡಾಡಿತು. 4×5 ಇಂಚಿನ 24 ಹಾಳೆ ಫಿಲ್ಮ್ ತುಂಬಿಕೊಂಡು ಹೋಗಿ, 18 ಬಾರಿ ಶಟರ್ ಒತ್ತಿ, ಕೊನೆಗೆ ಕೆಲಸಕ್ಕೆ ಬರುವ 12 ನೆಗೆಟಿವ್ ಪಡೆಯಿತು. ಆ 12 ಹೇಗೆ ಉಳಿದವು, ಉಳಿದ 6 ಹೇಗೆ ಕೆಟ್ಟವು, ಇಷ್ಟು ಕಷ್ಟಕ್ಕೆ ಬೆಲೆ ಇದೆಯೇ ಎಂಬುದು ಈ ಪ್ರಕರಣದ ವಿಷಯ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ತೇರು ಉರುಳುವ ಕ್ಷಣಕ್ಕೆ ಈ ಕ್ಯಾಮೆರಾ ತಕ್ಕದ್ದಲ್ಲ. ಆ ಕ್ಷಣವನ್ನು ಫೋನು ಇದಕ್ಕಿಂತ ಚೆನ್ನಾಗಿ ಹಿಡಿಯುತ್ತದೆ. ದೊಡ್ಡ ಹಾಳೆ ಬೇಕಾಗುವುದು ತೇರಿನ ಸುತ್ತ ಸುಮ್ಮನೆ ನಿಂತಿರುವುದಕ್ಕೆ: ಅಂಗಡಿ, ಬೋರ್ಡು, ಹಗ್ಗ, ಮುಖ, ಬಟ್ಟೆ, ಗೋಡೆ. ತಂಡಕ್ಕೆ ಇದು ಗೊತ್ತಾದದ್ದು ನೆಗೆಟಿವ್ ತೊಳೆದ ಮೇಲೆ. ಹೋಗುವಾಗ ಎಲ್ಲರ ತಲೆಯಲ್ಲೂ ಇದ್ದದ್ದು ತೇರೊಂದೇ.

ಈ ಸೀಮೆಗೆ ದೊಡ್ಡ ನೆಗೆಟಿವ್ ಹೊಸದೇನಲ್ಲ. 1855ರಲ್ಲಿ ಮುಂಬೈ ಸರ್ಕಾರ ನೇಮಿಸಿದ್ದ ಥಾಮಸ್ ಬಿಗ್ಸ್ ಎಂಬ ಫಿರಂಗಿ ಪಡೆಯ ಅಧಿಕಾರಿ ವಿಜಯಪುರ, ಬಾದಾಮಿ, ಐಹೊಳೆಗಳ ಕಟ್ಟಡಗಳನ್ನು ಕಾಗದದ ನೆಗೆಟಿವ್ ಮೇಲೆ ತೆಗೆದಿದ್ದ. ಅಂದಿನ ಕಾಗದಕ್ಕೆ ಬೆಳಕು ಕುಡಿಯಲು ಬಹಳ ಹೊತ್ತು ಬೇಕಿತ್ತು. ಕಲ್ಲು ಮಾತ್ರ ಅಷ್ಟು ಹೊತ್ತು ನಿಲ್ಲಬಲ್ಲದು, ಜಾತ್ರೆ ನಿಲ್ಲದು. ಹಾಗಾಗಿ ಗುಡಿಗಳ ಚಿತ್ರ ಸಿಕ್ಕಿತು, ಗುಡಿಯ ಮುಂದೆ ನೆರೆದವರದು ಸಿಗಲಿಲ್ಲ. ಬೆಳಕನ್ನು ಬೇಗ ಹಿಡಿಯುವ ಇಂದಿನ 400 ಐಎಸ್‌ಒ ಫಿಲ್ಮ್‌ಗೆ ಆ ಅಡ್ಡಿ ಬಹುಪಾಲು ಇಲ್ಲ. ಬಹುಪಾಲು ಎಂದದ್ದಕ್ಕೆ ಕಾರಣ ಮುಂದೆ ಬರುತ್ತದೆ.

ಏನೇನು ಒಯ್ದರು

ಮಡಚುವ ಮರದ ಫೀಲ್ಡ್ ಕ್ಯಾಮೆರಾ ಒಂದು. 150 ಮಿ.ಮೀ. ಎಫ್/5.6 ಲೆನ್ಸ್ (ಎಫ್ ಸಂಖ್ಯೆ ಹೆಚ್ಚಿದಷ್ಟೂ ಲೆನ್ಸಿನ ಕಿಂಡಿ ಕಿರಿದು, ಬೆಳಕು ಕಡಿಮೆ, ಸ್ಪಷ್ಟವಾಗುವ ಆಳ ಹೆಚ್ಚು), 4×5ಕ್ಕೆ ಇದೇ ಸಾಮಾನ್ಯ ನೋಟದ ಲೆನ್ಸ್. ಜತೆಗೆ 210 ಮಿ.ಮೀ. ಲೆನ್ಸ್ ಒಂದು, ಅದು ದಿನವಿಡೀ ಚೀಲ ಬಿಟ್ಟು ಹೊರಬರಲಿಲ್ಲ. ಬದಿಗೊಂದು ಹಾಳೆ ಹಿಡಿಯುವ, ಬೆಳಕು ಸೋರದ ಹೋಲ್ಡರ್ 12, ಅಂದರೆ 24 ಹಾಳೆ. ಅವರ ಕಪ್ಪು-ಬಿಳುಪು ಫಿಲ್ಮ್ ಎಚ್‌ಪಿ5 ಪ್ಲಸ್, ಅದರ ಡಬ್ಬಿಯಲ್ಲಿ 25 ಹಾಳೆ ಇರುತ್ತವೆ. ಉಳಿದ ಒಂದನ್ನು ಫಿಕ್ಸರ್ (ಚಿತ್ರವನ್ನು ಕಾಯಂ ಮಾಡುವ ದ್ರಾವಣ) ಪರೀಕ್ಷೆಗೆ ತುಂಡು ಮಾಡಿ ಇಟ್ಟುಕೊಂಡರು. ಬೆಳಕು ಅಳೆಯುವ ಸ್ಪಾಟ್ ಮೀಟರ್, ಹತ್ತಿರದಿಂದ ನೋಡುವ ಭೂತಗಾಜು ಲೂಪ್, ಹಳದಿ ಫಿಲ್ಟರ್, ಕ್ಯಾಮೆರಾ ಮುಟ್ಟದೆ ಶಟರ್ ಒತ್ತುವ ಕೇಬಲ್ ರಿಲೀಸ್ ಎರಡು (ಒಂದು ಕಳೆದೇ ಕಳೆಯುತ್ತದೆ, ಇಲ್ಲೂ ಕಳೆಯಿತು).

ಹೋಲ್ಡರ್‌ಗಳಿಗೆ ತಂಡ ಒಂದು ಹಳೆಯ ಉಪಾಯ ಮಾಡಿತ್ತು. ತುದಿಯ ಮಡಚುವ ಪಟ್ಟಿಯ ಅಂಚಿನಲ್ಲಿ ಸಣ್ಣ ಅರದಿಂದ ಕಚ್ಚು ಹಾಕಿದರು. ದೊಡ್ಡ ಕಚ್ಚು ಅಂದರೆ 5, ಸಣ್ಣದು 1. ಒಂದು ಬದಿಯದು ಎಡಕ್ಕೆ, ಇನ್ನೊಂದು ಬದಿಯದು ಬಲಕ್ಕೆ. ಬೆಳಕು ಬಿದ್ದಾಗ ಆ ಕಚ್ಚು ನೆಗೆಟಿವ್ ಅಂಚಿನಲ್ಲಿ ತಾನೇ ಮೂಡುತ್ತದೆ, ಆ ಹಾಳೆ ಯಾವ ಹೋಲ್ಡರಿನ ಯಾವ ಬದಿಯದು ಎಂದು ಎಷ್ಟು ವರ್ಷದ ಮೇಲೂ ತಿಳಿಯುತ್ತದೆ. ಮೂರು ತಾಸಿನ ಈ ಕೆಲಸ ಆಮೇಲೆ ಒಂದು ದೊಡ್ಡ ಗೊಂದಲ ಬಿಡಿಸಿತು.

ಫಿಲ್ಮ್ ತುಂಬಿದ್ದು ಹಿಂದಿನ ರಾತ್ರಿ, ಬಾದಾಮಿಯ ವಸತಿಗೃಹವೊಂದರ ಬಚ್ಚಲಲ್ಲಿ. ಜನವರಿಯ ಒಣ ಹವೆಯಲ್ಲಿ ಧೂಳು ದೊಡ್ಡ ಶತ್ರು. ನೆಲ, ಗೋಡೆಗೆ ನೀರು ಚಿಮುಕಿಸಿ ಅರ್ಧ ತಾಸು ಬಿಟ್ಟರೆ ಧೂಳು ಕೂರುತ್ತದೆ. ಬಾಗಿಲ ಸಂದಿಗೆ ಕಂಬಳಿ ತುರುಕಿ, ದೀಪ ಆರಿಸಿ 5 ನಿಮಿಷ ಕಣ್ಣು ಬಿಟ್ಟು ಕೂತರು. ಬೆಳಕಿನ ಎಳೆ ಎಲ್ಲಾದರೂ ನುಸುಳುತ್ತಿದ್ದರೆ ಆಗ ಕಾಣುತ್ತದೆ, ಮೊದಲೇ ಕಾಣುವುದಿಲ್ಲ. ಕತ್ತಲಲ್ಲಿ ಹಾಳೆಯ ಎಮಲ್ಷನ್ (ಬೆಳಕು ಹಿಡಿಯುವ ಲೇಪ) ಬದಿ ತಿಳಿಯುವುದು ಮೂಲೆಯ ಕಚ್ಚುಗಳಿಂದ: ಹಾಳೆಯನ್ನು ಉದ್ದಕ್ಕೆ ನಿಲ್ಲಿಸಿ ಹಿಡಿದಾಗ ಕಚ್ಚು ಮೇಲಿನ ಬಲ ಮೂಲೆಗೆ ಬಂದರೆ ಎಮಲ್ಷನ್ ಹಿಡಿದವರ ಮುಖದ ಕಡೆಗಿದೆ. ಹಾಳೆಯನ್ನು ಮುಚ್ಚುವ ಜಾರುಹಲಗೆ, ಅಂದರೆ ಡಾರ್ಕ್ ಸ್ಲೈಡಿನ ಬಿಳಿ ಅಂಚು ಹೊರಗಿದ್ದರೆ ಹೊಸ ಹಾಳೆ, ಕಪ್ಪು ಅಂಚು ಹೊರಗಿದ್ದರೆ ತೆಗೆದ ಹಾಳೆ. ಇದು ಎಲ್ಲರಿಗೂ ಗೊತ್ತು, ಎಲ್ಲರೂ ಒಮ್ಮೆ ಮರೆಯುತ್ತಾರೆ.

ಬೆಳಗು: ಬಾಗಿಲ ಪೇಟೆ

ಬನಶಂಕರಿ ಜಾತ್ರೆ ಮರದ ಬಾಗಿಲು, ಚೌಕಟ್ಟಿಗೆ ಹೆಸರಾದದ್ದು. ಮನೆ ಕಟ್ಟಿಸುವವರು ಬಾಗಿಲು ಕೊಳ್ಳಲೆಂದೇ ಬರುತ್ತಾರೆ. ಬೆಳಿಗ್ಗೆ 9.30ಕ್ಕೆ, ಗಿರಾಕಿ ಇನ್ನೂ ತೆಳುವಾಗಿದ್ದಾಗ, ಒಂದು ಚಹದಂಗಡಿಯ ಕಟ್ಟೆಯ ಮೇಲೆ ಟ್ರೈಪಾಡ್ ನಿಂತಿತು. ಎಫ್/22, ಹಳದಿ ಫಿಲ್ಟರ್ ಸೇರಿ ಸೆಕೆಂಡಿನ 60ನೇ ಒಂದು ಭಾಗ. ಒಂದು ಹಾಳೆಗೆ ಸುಮಾರು 8 ನಿಮಿಷ ಹಿಡಿಯಿತು: ನಿಲ್ಲಿಸು, ಮಟ್ಟ ನೋಡು, ಬಟ್ಟೆಯೊಳಗೆ ಹೋಗು, ತಲೆಕೆಳಗಾದ ಚಿತ್ರ ನೋಡು, ಲೂಪಿನಲ್ಲಿ ಫೋಕಸ್, ಮೀಟರ್, ಶಟರ್ ಮುಚ್ಚು, ಹೋಲ್ಡರ್ ಇಡು, ಸ್ಲೈಡ್ ಎಳೆ, ಒತ್ತು, ಸ್ಲೈಡ್ ತಿರುಗಿಸಿ ಹಾಕು, ಬರೆದುಕೊ. ನೋಡಿ ನೋಡಿ ಸಾಕಾದ ಚಹದಂಗಡಿಯವರು ಕೇಳಿದರಂತೆ: “ಒಂದ ಫೋಟೋಕ್ಕ ಇಷ್ಟೊತ್ತೇನ್ರೀ? ಅಷ್ಟೊತ್ತಿಗೆ ಒಂದ ಬಾಗಲಾ ಮಾಡಿ ಮುಗಿಸ್ತಾರ.”

ಈ ನಿಧಾನಕ್ಕೆ ಒಂದು ಉಪಯೋಗವಿದೆ. ಮೊದಲ ಎರಡು ನಿಮಿಷ ಜನ ಕ್ಯಾಮೆರಾ ನೋಡುತ್ತಾರೆ, ಮೂರನೆಯದಕ್ಕೆ ಬೇಸತ್ತು ತಮ್ಮ ಕೆಲಸಕ್ಕೆ ಮರಳುತ್ತಾರೆ. ಆಗ ತೆಗೆದ ಹಾಳೆಯಲ್ಲಿ ಪೇಟೆ ಪೇಟೆಯ ಹಾಗೇ ಇರುತ್ತದೆ.

ಬೆಳಗಿನ 7 ಹಾಳೆಗಳಲ್ಲಿ 5 ಚೆನ್ನಾಗಿ ಬಂದವು. ಕೆಟ್ಟ ಎರಡು ಒಂದೇ ತಪ್ಪಿನ ಎರಡು ಮುಖ. ಒಂದರ ಮೇಲೆ ಬಾಗಿಲ ಸಾಲೂ ನಾಟಕ ಕಂಪನಿಯ ಡೇರೆಯೂ ಒಂದರೊಳಗೊಂದು ಮೂಡಿದ್ದವು, ಇನ್ನೊಂದು ಗಾಜಿನಂತೆ ಖಾಲಿ. ಖಾಲಿ ಹಾಳೆ ಕಂಡಾಗ ಮೊದಲು ಚಿತ್ರ ಮೂಡಿಸುವ ಡೆವಲಪರ್ ದ್ರಾವಣದ ಮೇಲೆ, ಆಮೇಲೆ ಶಟರ್ ಮೇಲೆ ಅನುಮಾನ ಬಂತು. ಎರಡು ಚಿತ್ರ ಬಿದ್ದ ಹಾಳೆಯ ಅಂಚಿನಲ್ಲಿ 4ನೇ ಹೋಲ್ಡರಿನ ಎಡ ಬದಿಯ ಕಚ್ಚು ಇತ್ತು, ಅದರ ಬಲ ಬದಿಯ ಕಚ್ಚು ಯಾವ ಹಾಳೆಯಲ್ಲೂ ಮೂಡಿರಲಿಲ್ಲ. ಬೆಳಕೇ ಬೀಳದ ಖಾಲಿ ಹಾಳೆ ಅದೇ: ಎಡ ಬದಿ ಎರಡು ಬಾರಿ ತೆಗೆದಿದ್ದಾರೆ, ಬಲ ಬದಿ ತೆಗೆದೇ ಇಲ್ಲ. ಸ್ಲೈಡ್ ಕಪ್ಪು ಅಂಚಿಗೆ ತಿರುಗಿಸದೆ ಹಾಗೇ ಹಾಕಿದ್ದಾರೆ, ಮುಂದಿನ ಬಾರಿ ಹೋಲ್ಡರ್ ಅದೇ ಮುಖಕ್ಕೆ ಹೋಗಿದೆ. ಮಾತಾಡುತ್ತ ಮಾಡಿದ ಕೆಲಸ. ತಿರುಗಿಸಿದ ಕೂಡಲೇ ಬರೆಯುವವರು “ಕಪ್ಪು” ಎಂದು ಗಟ್ಟಿಯಾಗಿ ಹೇಳಿದರೆ ಸಾಕಿತ್ತು.

ಮಧ್ಯಾಹ್ನ: ಹೊಂಡ ಮತ್ತು ಹಗ್ಗ

ಗುಡಿಯ ಹೊಂಡ ಹರಿದ್ರಾ ತೀರ್ಥದ ದಡದಲ್ಲಿ ಎರಡು ಹಾಳೆ ತೆಗೆದರು. ಒಂದರಲ್ಲಿ ಎದುರು ದಡದ ಕಂಬಗಳ ಸಾಲು ಮಸುಕು, ಆದರೆ ಹತ್ತಿರದ ಮೆಟ್ಟಿಲ ಮೇಲಿನ ತೆಂಗಿನ ನಾರು ಎಳೆ ಎಳೆಯಾಗಿ ಸ್ಪಷ್ಟ. ಕ್ಯಾಮೆರಾ ಅಲುಗಿದ್ದರೆ ಎಲ್ಲವೂ ಮಸುಕಾಗುತ್ತಿತ್ತು. ಎಲ್ಲೋ ಒಂದು ಕಡೆ ಸ್ಪಷ್ಟವಿದ್ದರೆ ಫೋಕಸ್ ಸರಿದಿದೆ ಎಂದೇ ಅರ್ಥ. ಜನರ ಕಾಲು ಟ್ರೈಪಾಡಿಗೆ ತಗುಲಿ ಲೆನ್ಸ್ ಹಲಗೆ ಕೂದಲೆಳೆಯಷ್ಟು ಮುಂದೆ ಬಂದಿತ್ತು, ಯಾರೂ ಮತ್ತೆ ನೋಡಲಿಲ್ಲ. ಜನಸಂದಣಿಯಲ್ಲಿ ಟ್ರೈಪಾಡಿನ ಮೂರು ಕಾಲಿನ ಸುತ್ತ ಹಗ್ಗ ಕಟ್ಟುವುದಕ್ಕಿಂತ, ಒಬ್ಬರು ಬೆನ್ನು ಕೊಟ್ಟು ನಿಲ್ಲುವುದೇ ಮೇಲು. ಹಗ್ಗವಿದ್ದರೆ ಜನ ಅದಕ್ಕೇ ಎಡವುತ್ತಾರೆ.

ತೇರಿನ ಹಗ್ಗ ಮಾಡಲಗೇರಿಯಿಂದ ಹಳಿಬಂಡಿಯಲ್ಲಿ ಬರುತ್ತದೆ. ಅದಕ್ಕೆ ಕೊಟ್ಟದ್ದು ಒಂದೇ ಹಾಳೆ. ಹಗ್ಗ ನೆಲದುದ್ದಕ್ಕೂ ಮುಂದಿನಿಂದ ಹಿಂದಕ್ಕೆ ಹರಡಿದ್ದರಿಂದ ಲೆನ್ಸನ್ನು ಸುಮಾರು 5 ಡಿಗ್ರಿ ಮುಂದಕ್ಕೆ ಬಾಗಿಸಿದರು. ಹೀಗೆ ಬಾಗಿಸಿದರೆ ಫೋಕಸ್ ಆಗುವ ತಳವೂ ನೆಲದ ಜತೆ ಮಲಗುತ್ತದೆ, ಎಫ್/16ರಲ್ಲೇ ಹತ್ತಿರದ ಎಳೆಯಿಂದ ದೂರದ ತುದಿವರೆಗೆ ಸ್ಪಷ್ಟ ಸಿಗುತ್ತದೆ. ಮಾಮೂಲಿ ಕ್ಯಾಮೆರಾದಲ್ಲಿ ಇದಕ್ಕೆ ದಾರಿಯಿಲ್ಲ. ಹಾಳೆ ಉಳಿಯಿತು, ಆದರೆ ಒಂದು ಅಂಚಿಗೆ ಬೆರಳಗಲ ಕಪ್ಪು ಪಟ್ಟಿ ಬಿದ್ದಿತ್ತು. ಇಳಿಬಿಸಿಲು ನೇರವಾಗಿ ಹೋಲ್ಡರಿನ ಬಾಯಿಗೆ ಬೀಳುತ್ತಿತ್ತು, ಸ್ಲೈಡನ್ನು ಓರೆಯಾಗಿ ಎಳೆದರು. ಬಾಯಿಯ ಒಳಗೆ ಬೆಳಕು ತಡೆಯುವ ವೆಲ್ವೆಟ್ ಪಟ್ಟಿ ಇರುತ್ತದೆ. ಸ್ಲೈಡ್ ಓರೆಯಾಗಿ ಹೊರಬಂದರೆ ಒಂದು ಮೂಲೆ ಮೊದಲು ಬಿಟ್ಟು ಅಲ್ಲಿಂದ ಬೆಳಕು ನುಗ್ಗುತ್ತದೆ. ಕ್ಯಾಮೆರಾ ಮೇಲೆ ಕರಿ ಬಟ್ಟೆ ಹೊದಿಸಿ, ಸ್ಲೈಡನ್ನು ನೆಟ್ಟಗೆ ಎಳೆಯುವುದೊಂದೇ ಮದ್ದು.

ಸಂಜೆ: ಮಾಳಿಗೆಯ ಮೇಲೆ

ತೇರಿಗೆಂದು ತಂಡ ರಸ್ತೆಯಂಚಿನ ಒಂದು ಅಂಗಡಿಯ ಆರ್‌ಸಿಸಿ ಮಾಳಿಗೆ ಕೇಳಿಕೊಂಡಿತ್ತು. ಲೆಕ್ಕ ಸರಿಯಿತ್ತು: ತೇರಿಗೂ ಕ್ಯಾಮೆರಾಕ್ಕೂ 35 ಮೀಟರ್, ಮುಂದೆ ತಂತಿಯಿಲ್ಲ, ಕಳಸ ಚೌಕಟ್ಟಿನೊಳಗೆ ಬರಲು ಲೆನ್ಸನ್ನು 20 ಮಿ.ಮೀ. ಮೇಲೆತ್ತಿದರೆ ಸಾಕು. ಕ್ಯಾಮೆರಾವನ್ನು ಆಕಾಶಕ್ಕೆ ಮುಖ ಮಾಡದೆ ಲೆನ್ಸ್ ಮಾತ್ರ ಎತ್ತಿದ್ದರಿಂದ ತೇರು ಹಿಂದಕ್ಕೆ ವಾಲಿದಂತೆ ಕಾಣದೆ ನೆಟ್ಟಗೆ ನಿಂತಿತು.

ಮೊದಲ ಹಾಳೆ, ತೇರು ಇನ್ನೂ ನಿಂತಿದ್ದಾಗ, ಚೆನ್ನಾಗಿ ಬಂತು. ಎರಡನೆಯದು ತೊಳೆದಾಗ ಕಲ್ಲಿದ್ದಲಿನಂತೆ ಕಪ್ಪು: ಫೋಕಸ್ ನೋಡಲು ಶಟರ್ ತೆರೆದವರು ಮುಚ್ಚದೆ ಸ್ಲೈಡ್ ಎಳೆದುಬಿಟ್ಟಿದ್ದರು. ಜಯಘೋಷ ಎದ್ದಾಗ ಕೈ ಓಡುತ್ತದೆ, ತಲೆ ಓಡುವುದಿಲ್ಲ.

ಮೂರನೆಯದೂ ನಾಲ್ಕನೆಯದೂ ಈ ಪ್ರಕರಣದಲ್ಲಿ ಹೆಚ್ಚು ಕಲಿಸಿದ ಹಾಳೆಗಳು. ಎರಡೂ ಮಸುಕು. ತೇರು ಚಲಿಸಿದ್ದಕ್ಕೆ ಹೀಗಾಯಿತು ಎಂದು ಎಲ್ಲರೂ ಒಪ್ಪಿಯೇಬಿಟ್ಟಿದ್ದರು. ಲೂಪ್ ಇಟ್ಟು ನೋಡಿದರೆ ಪಕ್ಕದ ವಿದ್ಯುತ್ ಕಂಬವೂ ಮೇಲೆ-ಕೆಳಗೆ ಎರಡೆರಡಾಗಿ ಮೂಡಿತ್ತು. ಕಂಬ ಚಲಿಸುವುದಿಲ್ಲ. ಚಲಿಸಿದ್ದು ಮಾಳಿಗೆ. ತೇರು ಹತ್ತಿರ ಬಂದಾಗ ಮೂವತ್ತು ನಲವತ್ತು ಜನ ಮೆಟ್ಟಿಲೇರಿ ಬಂದು ಕುಣಿಯತೊಡಗಿದ್ದರು, ಸ್ಲ್ಯಾಬ್ ಚರ್ಮದಂತೆ ಮಿಡಿಯುತ್ತಿತ್ತು.

ಇನ್ನೂ ಕೆದಕಿದರೆ ತಪ್ಪು ಮಾಳಿಗೆಯದಷ್ಟೇ ಅಲ್ಲ. ಸಂಜೆ 5.20ರ ಬೆಳಕಿಗೆ ಅವರು ಇಟ್ಟದ್ದು ಎಫ್/22. ಹಳದಿ ಫಿಲ್ಟರ್ ಬೆಳಗಿನಿಂದ ಹಾಗೇ ಕೂತಿತ್ತು, ಅದರಿಂದ ಒಂದು ಸ್ಟಾಪ್, ಅಂದರೆ ಅರ್ಧ ಬೆಳಕು, ಹೋಯಿತು. ಶಟರ್ 15ನೇ ಒಂದು ಭಾಗಕ್ಕೆ ಇಳಿಯಿತು. ಎಫ್/22 ಬೇಕಿತ್ತೇ? 150 ಮಿ.ಮೀ. ಲೆನ್ಸಿಗೆ ಎಫ್/11ರಲ್ಲಿ 20 ಮೀಟರಿಗೆ ಫೋಕಸ್ ಇಟ್ಟರೆ 10 ಮೀಟರಿನಿಂದ ಕೊನೆಯಿಲ್ಲದವರೆಗೆ ಒಪ್ಪುವಷ್ಟು ಸ್ಪಷ್ಟ. ತೇರು ಇದ್ದದ್ದು 35ರಲ್ಲಿ. ಫಿಲ್ಟರ್ ಕಳಚಿ ಎಫ್/11 ಇಟ್ಟಿದ್ದರೆ ಅದೇ ಬೆಳಕಿನಲ್ಲಿ 125ನೇ ಒಂದು ಭಾಗ ಸಿಗುತ್ತಿತ್ತು, ಸ್ಲ್ಯಾಬಿನ ಮಿಡಿತ ಹಾಳೆಗೆ ತಿಳಿಯುತ್ತಲೂ ಇರಲಿಲ್ಲ. ಎಫ್/22 ಗುಡ್ಡ, ಗುಡಿ ತೆಗೆದು ಬಂದ ರೂಢಿ. ರೂಢಿಗೆ ಎರಡು ಹಾಳೆ ಹೋದವು.

ತೇರಿನ ವೇಗ ಅಂಥ ದೊಡ್ಡದೂ ಅಲ್ಲ. ಸೆಕೆಂಡಿಗೆ ಅರ್ಧ ಮೀಟರ್ ಎಂದಿಟ್ಟುಕೊಂಡರೆ, 35ರ ಬದಲು 20 ಮೀಟರಿಗೆ ಬಂದರೂ ಅದರ ಬಿಂಬ ಫಿಲ್ಮ್ ಮೇಲೆ ಸೆಕೆಂಡಿಗೆ 4 ಮಿ.ಮೀ.ಗಿಂತ ಕಡಿಮೆ ಸರಿಯುತ್ತದೆ. 125ನೇ ಒಂದು ಭಾಗದಲ್ಲಿ 0.03 ಮಿ.ಮೀ. ಅಷ್ಟೇ, ಕಣ್ಣಿಗೆ ಕಾಣದು. ಉತ್ತತ್ತಿ ಎಸೆಯುವ ಕೈ ಅದರ ಹತ್ತು ಪಟ್ಟು ವೇಗ. ಅದು ಮಸುಕಾಗಿಯೇ ಬರುತ್ತದೆ, ಬರಲಿ ಬಿಡಿ.

ಐದನೆಯ ಹಾಳೆಗೆ ಮುಂಚೆ ಯಾರಿಗೋ ಫಿಲ್ಟರ್ ನೆನಪಾಯಿತು. ಜನರೂ ಸ್ವಲ್ಪ ಇಳಿದಿದ್ದರು. ತೇರು ನಿಂತು, ಗಾಲಿಗೆ ಮರದ ತುಂಡು ಕೊಟ್ಟು, ಹಗ್ಗ ಸಡಿಲವಾದ ಹೊತ್ತಿಗೆ ಎರಡು ಹಾಳೆ ತೆಗೆದರು. ಎರಡೂ ಬಂದವು. ತೇರು ಎಳೆಯುವುದೆಂದರೆ ಎಳೆದಷ್ಟೇ ಹೊತ್ತು ನಿಲ್ಲುವುದೂ ಹೌದು. ನಿಂತಾಗ ಜನ ಬೆವರು ಒರೆಸಿಕೊಳ್ಳುತ್ತಾರೆ, ಒಬ್ಬರಿಗೊಬ್ಬರು ನೀರು ಕೊಡುತ್ತಾರೆ, ಹಿಂದೆ ತಿರುಗಿ ಮಕ್ಕಳನ್ನು ಹುಡುಕುತ್ತಾರೆ. ಮುಖಗಳು ಕ್ಯಾಮೆರಾದ ಕಡೆ ತಿರುಗುವುದು ಆಗಲೇ.

ಕತ್ತಲಾದ ಮೇಲೆ ನಾಟಕ ಕಂಪನಿಗಳ ಮುಂದೆ ಎರಡು ಹಾಳೆ. ಮೀಟರ್ 4 ಸೆಕೆಂಡ್ ಎಂದರೆ ಈ ಫಿಲ್ಮ್‌ಗೆ 6 ಕೊಡಬೇಕು. ಸೆಕೆಂಡ್ ದಾಟಿದ ಮೇಲೆ ಫಿಲ್ಮ್ ಬೆಳಕಿಗೆ ಸೋಮಾರಿಯಾಗುತ್ತದೆ. ಜನ ಹೊಗೆಯಾದರು, ಬೋರ್ಡಿನ ಅಕ್ಷರ ಉಳಿದವು.

ತೊಳೆಯುವಿಕೆ

ನಾಲ್ಕು ಹಾಳೆಯ, 475 ಮಿ.ಲೀ. ಹಿಡಿಯುವ ಟ್ಯಾಂಕು, ಐದು ಕಂತು. ಡಿ-76 ಡೆವಲಪರಿಗೆ ಸಮಪಾಲು ನೀರು. ಇವರ ನೀರು 20 ಡಿಗ್ರಿಯ ಬದಲು 23 ಇದ್ದದ್ದರಿಂದ ಹೊತ್ತು ಇಳಿಸಿ ಸುಮಾರು 10 ನಿಮಿಷ. ಫಿಕ್ಸರ್ ಒಂದಕ್ಕೆ ನಾಲ್ಕು ಪಾಲು ನೀರು. ಪರೀಕ್ಷೆಯ ತುಂಡು ಎಷ್ಟು ಹೊತ್ತಿಗೆ ತಿಳಿಯಾಯಿತೋ ಅದರ ಎರಡರಷ್ಟು ಹೊತ್ತು. ಇದರಲ್ಲಿ ಅವಸರ ಮಾಡಿದರೆ ಅಥವಾ ಸರಿಯಾಗಿ ತೊಳೆಯದಿದ್ದರೆ ಇಂದು ಏನೂ ಕಾಣುವುದಿಲ್ಲ. ಹಲವು ವರ್ಷದ ಮೇಲೆ ಹಳದಿ ಕಲೆ ಏಳುತ್ತದೆ. ತೊಳೆದದ್ದು ಟ್ಯಾಂಕಿನ ನೀರು ಬದಲಿಸುತ್ತ 5, 10, 20 ಬಾರಿ ಮಗುಚಿ.

ಮೊದಲ ಕಂತಿನ ಕೊನೆಯ ನೀರು ಬೋರಿನದು. ಒಣಗಿದ ಮೇಲೆ ಆಕಾಶದ ಭಾಗದಲ್ಲಿ ಸುಣ್ಣದ ಬೊಟ್ಟು. ಮುಂದಿನ ಕಂತುಗಳಿಗೆ ಡಿಸ್ಟಿಲ್ಡ್ ನೀರಿನ ಲೀಟರಿಗೆ 5 ಮಿ.ಲೀ. ವೆಟ್ಟಿಂಗ್ ಏಜೆಂಟ್ (ನೀರು ಹನಿಗಟ್ಟದಂತೆ ತಡೆಯುವ ದ್ರವ) ಹಾಕಿದರು, ಬೊಟ್ಟು ನಿಂತಿತು. ಹಳೆಯ ನಾಲ್ಕನ್ನು ಮತ್ತೆ ಅದೇ ನೀರಲ್ಲಿ ನೆನೆಸಿ ತೆಗೆದಾಗ ಬಹುತೇಕ ಹೋಯಿತು. ಧೂಳಿನ ಚುಕ್ಕೆಯದು ಬೇರೆ ಲೆಕ್ಕ. ಹೋಲ್ಡರಿನೊಳಗೆ ಹಾಳೆ ಮೇಲೆ ಕೂತ ಧೂಳು ಪ್ರಿಂಟಿನಲ್ಲಿ ಕಪ್ಪಾಗಿ, ಸ್ಕ್ಯಾನ್ ಮಾಡುವಾಗ ಕೂತದ್ದು ಬಿಳಿಯಾಗಿ ಬರುತ್ತದೆ. ಬಿಳಿಯದನ್ನು ಊದಿ ಕಳೆಯಬಹುದು, ಕಪ್ಪನ್ನು ಕಳೆಯಲಾಗದು.

ಲೂಪಿನಡಿ

ಚಹದಂಗಡಿಯ ಕಟ್ಟೆಯಿಂದ ತೆಗೆದ ಬಾಗಿಲ ಪೇಟೆಯ ಒಂದು ಹಾಳೆಯನ್ನು ಹತ್ತಿರದಿಂದ ನೋಡೋಣ. ಚೌಕಟ್ಟುಗಳು ಒಂದಕ್ಕೊಂದು ಆನಿಸಿ ನಿಂತಿವೆ. ಪ್ರತಿ ಚೌಕಟ್ಟಿನ ಮೇಲ್ಪಟ್ಟಿಯಲ್ಲಿ ಸೀಮೆಸುಣ್ಣದಿಂದ ಅಡಿ-ಅಂಗುಲ ಬರೆದಿದೆ. 12 ಮೀಟರ್ ದೂರದ 8 ಸೆಂ.ಮೀ. ಎತ್ತರದ ಅಂಕೆ ಫಿಲ್ಮ್ ಮೇಲೆ 1 ಮಿ.ಮೀ.; 2400 ಡಿಪಿಐ ಸ್ಕ್ಯಾನಿನಲ್ಲಿ ಸುಮಾರು 95 ಪಿಕ್ಸೆಲ್. ಸಲೀಸಾಗಿ ಓದಬಹುದು. ಕೆಲವು ಬಾಗಿಲ ಮೇಲೆ ಕೈಕೆತ್ತನೆಯ ಬಳ್ಳಿ, ಕೆಲವದರ ಮೇಲೆ ಯಂತ್ರದಲ್ಲಿ ಕೊರೆದ ಅದೇ ಬಳ್ಳಿ. ಉಳಿಯ ಏರುಪೇರು ಒಂದರಲ್ಲಿ ಕಾಣುತ್ತದೆ, ಇನ್ನೊಂದರಲ್ಲಿ ಇಲ್ಲ. ತೆಗೆಯುವಾಗ ತಂಡದ ಯಾರಿಗೂ ಇದು ಹೊಳೆದಿರಲಿಲ್ಲ. ಕೈಕೆಲಸ ಯಂತ್ರಕ್ಕೆ ದಾರಿ ಬಿಡುತ್ತಿದ್ದ ಹೊತ್ತನ್ನು ಆ ಹಾಳೆ ತಾನಾಗಿ ಬರೆದುಕೊಂಡಿತ್ತು.

ಹಾಗೆಂದು ಸ್ಪಷ್ಟತೆಯೊಂದನ್ನೇ ಮುಂದಿಟ್ಟು ಫಿಲ್ಮ್ ಪರ ವಾದಿಸುವುದು ಈಗ ಸಲ್ಲದು. 4×5 ಹಾಳೆಯ ಚಿತ್ರಭಾಗ 35 ಮಿ.ಮೀ. ಫಿಲ್ಮ್‌ಗಿಂತ 13 ಪಟ್ಟು ದೊಡ್ಡದು ನಿಜ, ಸ್ಕ್ಯಾನ್ 100 ಮೆಗಾಪಿಕ್ಸೆಲ್ ಮುಟ್ಟುವುದೂ ನಿಜ. ಆದರೆ 45 ಮೆಗಾಪಿಕ್ಸೆಲಿನ ಡಿಜಿಟಲ್ ಕ್ಯಾಮೆರಾ ಅದೇ ಕಟ್ಟೆಯಿಂದ ಆ ಅಂಕೆಯನ್ನು 70 ಪಿಕ್ಸೆಲಿನಷ್ಟು ಕೊಡುತ್ತದೆ, ಅದೂ ಓದಲು ಸಾಕು. ವ್ಯತ್ಯಾಸ ಇರುವುದು ಆಮೇಲೆ. ಅದೇ ದಿನ ತಂಡದವರ ಫೋನುಗಳಲ್ಲಿ ಸಾವಿರಕ್ಕೂ ಹೆಚ್ಚು ಚಿತ್ರ ಸೇರಿದ್ದವು. ಅವಕ್ಕೆ ಹೆಸರಿಲ್ಲ, ಯಾರೂ ಆರಿಸಿಲ್ಲ, ಒಂದು ಫೋನು ಬದಲಾದಾಗ ಒಂದು ಪಾಲು ಹೋಯಿತು. 12 ಹಾಳೆಗೆ ಮಾತ್ರ 12 ಚೀಟಿ ಇವೆ: ಹೋಲ್ಡರ್ ಸಂಖ್ಯೆ, ಗಂಟೆ, ನಿಂತ ಜಾಗ, ದಿಕ್ಕು, ನೆಲದಿಂದ ಎತ್ತರ, ಲೆನ್ಸ್, ಎಫ್ ಸಂಖ್ಯೆ, ಶಟರ್. ಹಾಳೆ ಕಡಿಮೆ ಇದ್ದದ್ದರಿಂದಲೇ ಬರೆಯಲು ಪುರುಸೊತ್ತು ಸಿಕ್ಕಿತು.

ಇನ್ನು ವಸ್ತುವಿನ ಬಾಳಿಕೆ. ಈ ಹಾಳೆಯ ತಳ 0.18 ಮಿ.ಮೀ. ದಪ್ಪದ ಪಾಲಿಯೆಸ್ಟರ್. ಹಳೆಯ ಅಸಿಟೇಟ್ ಫಿಲ್ಮ್ ಹುಳಿ ವಾಸನೆ ಬಂದು ಸುಕ್ಕುಗಟ್ಟುತ್ತದೆ, ಅದಕ್ಕೂ ಹಳೆಯ ನೈಟ್ರೇಟ್ ಅಂಟಂಟಾಗಿ ಪುಡಿಯಾಗುತ್ತದೆ. ಪಾಲಿಯೆಸ್ಟರಿಗೆ ಆ ರೋಗವಿಲ್ಲ. ಓದಲು ಯಂತ್ರವೂ ಬೇಡ, ಕಿಟಕಿಗೆ ಹಿಡಿದರೆ ಸಾಕು. ಪ್ರಿಂಟಿಗೆ ಎನ್ಲಾರ್ಜರ್ ಕೂಡ ಬೇಡ: ಕಾಗದದ ಮೇಲೆ ನೆಗೆಟಿವ್, ಅದರ ಮೇಲೆ ಗಾಜು, ಮೇಲೊಂದು 15 ವಾಟಿನ ಬಲ್ಬು.

ನೆಗೆಟಿವ್‌ಗಳನ್ನು ನಾಲ್ಕು ಮಡಿಕೆಯ ಆಮ್ಲರಹಿತ ಕಾಗದದಲ್ಲಿ ಸುತ್ತಿ, ರಟ್ಟಿನ ಡಬ್ಬಿಯಲ್ಲಿ, ಒಳಗೋಡೆಗೆ ಇಟ್ಟ ಉಕ್ಕಿನ ಕಪಾಟಿನಲ್ಲಿಟ್ಟಿದ್ದಾರೆ. ಪಿವಿಸಿ ಚೀಲ, ನುಸಿಗುಳಿಗೆ ಎರಡನ್ನೂ ದೂರವಿಟ್ಟಿದ್ದಾರೆ. ಮಳೆಗಾಲದ ನಾಲ್ಕು ತಿಂಗಳು ಸಿಲಿಕಾ ಜೆಲ್. ಸ್ಕ್ಯಾನ್ ಪ್ರತಿ ಎರಡು ಬೇರೆ ಊರಲ್ಲಿವೆ.

ಮುಂದಿನ ಬನದ ಹುಣ್ಣಿಮೆಗೆ ಯೋಜನೆ ಬದಲಾಗಿದೆ. ಹಾಳೆ 16 ಮಾತ್ರ: ಬೆಳಿಗ್ಗೆ ಪೇಟೆಗೆ 8, ಹಗ್ಗಕ್ಕೆ 2, ನಿಂತ ತೇರಿಗೆ 4, ನಾಟಕದ ಡೇರೆಗೆ 2. ಉರುಳುವ ತೇರನ್ನು ಫೋನಿಗೆ ಬಿಟ್ಟಿದ್ದಾರೆ. ಸ್ಲ್ಯಾಬಿನ ನಡುವಿನ ಬದಲು ಕೆಳಗೆ ಗೋಡೆಯಿರುವ ಮೂಲೆಗೆ ಟ್ರೈಪಾಡ್, ಅಲ್ಲಿ ಮಿಡಿತ ಕಡಿಮೆ. ಮಧ್ಯಾಹ್ನ 4ಕ್ಕೆ ಹಳದಿ ಫಿಲ್ಟರ್ ಚೀಲಕ್ಕೆ. ಚಹದಂಗಡಿಯ ಕಟ್ಟೆಯ ಮೇಲೆ ಮೂರು ಕಾಲು ಊರುವ ಜಾಗಕ್ಕೆ ಎಣ್ಣೆಬಣ್ಣದ ಮೂರು ಚುಕ್ಕೆ ಇಟ್ಟಾಗಿದೆ, ಪ್ರತಿ ವರ್ಷ ಅಲ್ಲಿಂದಲೇ ಒಂದು ಹಾಳೆ. ಅಂಗಡಿಯವರು ಒಪ್ಪಿದ್ದು ಒಂದು ಪ್ರಿಂಟಿನ ಕರಾರಿನ ಮೇಲೆ: ಅದರಲ್ಲಿ ತಮ್ಮ ಬೋರ್ಡೂ ಕಾಣಬೇಕು.